ಯಾರೂ ಬರೆಯದ ವಿಳಾಸ

"ಮೊದಲು ಆ ಉಗ್ರಾಣದ ಬೀಗ ತೆಗೀರಿ. ಮಾತು ಆಮೇಲೆ."

ಪತ್ತೆ ಅತ್ತೆ ಬಾಗಿಲಲ್ಲೇ ನಿಂತು ಹೇಳಿದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಉಗ್ರಾಣದ ಒಳಗಿನಿಂದ ಯಾರೋ ಕದಕ್ಕೆ ಗುದ್ದುತ್ತಿದ್ದರು. ಒಂದು ಗುದ್ದಿಗೆ ಎರಡು ಬೈಗುಳದಂತೆ ಕಚೇರಿಯೆಲ್ಲ ಕೇಳುತ್ತಿತ್ತು.

ದೊಡ್ಡಮ್ಮ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಗಂಡನ ಹೊಡೆತ ತಾಳಲಾರದೆ ಬರುವ ಹೆಂಗಸರನ್ನು ಯಾರ ಕಣ್ಣಿಗೂ ಬೀಳದ ಮನೆಗಳಲ್ಲಿ ಇರಿಸಿ ಕಾಯುವ ಸಂಘ ಅದು. ಅದನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವರು ದೊಡ್ಡಮ್ಮ. ಅವರ ಮಾತಿಗೆ ಎದುರಾಡುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ.

"ತೆಗೆಯೋದಿಲ್ಲ. ಒಳಗಿರೋನು ಕಳ್ಳ. ಪೊಲೀಸರು ಬರಲಿ, ಅವರ ಕೈಗೇ ಕೊಡ್ತೀನಿ."

"ಏನು ಕದ್ದ?"

"ವಿಳಾಸ."

ಗುಬ್ಬಿ ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿಯನ್ನೂ ಅವಳ ತಾಯಿಯನ್ನೂ ಸಂಘ ಎರಡು ಮನೆಗಳಲ್ಲಿ ಅಡಗಿಸಿಟ್ಟಿತ್ತು. ಎರಡೂ ಸಲ ಗುಬ್ಬಿಯ ಅಪ್ಪ ದಾರಿ ಕೇಳದೆ ನೆಟ್ಟಗೆ ಬಾಗಿಲಿಗೇ ಬಂದು ಕಬ್ಬಿಣದ ಸರಳಿನಿಂದ ಕದ ಒಡೆದಿದ್ದ. ಇಂದು ಬೆಳಿಗ್ಗೆ ತಾಯಿ ಮಗಳನ್ನು ಮೂರನೆಯ ಮನೆಗೆ ಸೇರಿಸಿಯಾಗಿತ್ತು. ಇನ್ನು ಸಂಘದ ಕೈಯಲ್ಲಿ ಬೇರೆ ಖಾಲಿ ಮನೆ ಇರಲಿಲ್ಲ. ಗುಟ್ಟು ಸೋರುವ ತೂತು ಇವತ್ತೇ ಸಿಗದಿದ್ದರೆ ಅವನು ಅಲ್ಲಿಗೂ ಬರುತ್ತಾನೆ, ಈ ಸಲ ಹಿಂಬಾಗಿಲನ್ನೂ ಕಾಯಲು ಆಳು ಕರೆತರುತ್ತಾನೆ.

"ಮನೆಗಳು ಯಾರಿಗೆ ಗೊತ್ತು ಹೇಳಿ. ಆಯಾ ಮನೆ ನೋಡ್ಕೊಳ್ಳೋರಿಗೆ ಅವರವರ ಮನೆ. ಎಲ್ಲಾ ಮನೆಗೂ ಹೋಗಿ ಬರೋದು ನಾನು, ಒಳಗಿರೋ ನಮ್ಮ ಡ್ರೈವರ್ ವ್ಯಾನಣ್ಣ. ನಾನಂತೂ ಬಾಯಿ ಬಿಟ್ಟಿಲ್ಲ," ಎಂದರು ದೊಡ್ಡಮ್ಮ.

"ಬಿಟ್ಟಿಲ್ಲ ಅಂತ ಹೇಳ್ತಿರೋದೂ ನೀವೇ."

"ಏನಂದ್ರಿ?"

ದೊಡ್ಡಮ್ಮನ ಕೈ ಮೇಜಿಗೆ ಅಪ್ಪಳಿಸಿತು. ಮುಷ್ಟಿ ಸಡಿಲಿ ಬೀಗದ ಕೈ ಟಣ್ಣೆಂದು ನೆಲಕ್ಕೆ ಬಿತ್ತು. ಪತ್ತೆ ಅತ್ತೆ ಬಗ್ಗಿ ಎತ್ತಿಕೊಂಡು, ಹೋಗಿ, ಬೀಗ ತೆಗೆದಳು.

ಆಕೆ ವಿಮಾ ಕಂಪನಿಯಲ್ಲಿ ಕೂದಲು ನರೆಯುವವರೆಗೂ ಸುಟ್ಟ ಅಂಗಡಿ, ಮುಳುಗಿದ ಸರಕು ಎಂದು ಸುಳ್ಳು ಹೇಳಿ ಬರುವವರ ಜನ್ಮ ಜಾಲಾಡಿದವಳು. ಈಗ ಅದೇ ಕೆಲಸವನ್ನು ಕರೆದವರ ಮನೆಗೆ ಹೋಗಿ ಮಾಡುತ್ತಿದ್ದಳು. ಅಣ್ಣನ ಮಗಳು ತೊದಲುವ ವಯಸ್ಸಿನಲ್ಲಿ ಇಟ್ಟ ಹೆಸರು ಪತ್ತೆ ಅತ್ತೆ. ಆ ಹೆಸರೇ ಊರೆಲ್ಲ ಹಬ್ಬಿ, ತಾಯಿ ತಂದೆ ಇಟ್ಟ ಹೆಸರು ಮೂಲೆ ಸೇರಿತ್ತು.

ಕದ ತೆರೆದದ್ದೇ ವ್ಯಾನಣ್ಣ ಗೂಳಿಯಂತೆ ನುಗ್ಗಿ ಬಂದ. ಗಡ್ಡದ ತುಂಬ ಹಳೆ ಕಂಬಳಿಯ ನಾರು.

"ಇಷ್ಟು ವರ್ಷ ನಿಮ್ಮ ಗಾಡಿ ಎಳೆದಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದ್ರಿ ದೊಡ್ಡಮ್ಮ! ಆ ಮಗೂನ ಎರಡು ಸಲ ಹೆಗಲ ಮೇಲೆ ಹೊತ್ಕೊಂಡು ಓಡಿದೋನು ನಾನು. ನನ್ನ ಬೆನ್ನಿಗೆ ಬಿದ್ದ ಸರಳಿನ ಬಾಸುಂಡೆ ತೋರಿಸ್ಲಾ?"

"ನಾಟಕ ಆಡೋನಿಗೆ ಬಾಸುಂಡೆ ದೊಡ್ಡದಾ?"

"ನಾಟಕ! ಕೇಳಿದ್ರಾ ಅತ್ತೆ?"

"ಕೇಳಿದೆ. ನನ್ನ ಕಿವಿ ಸರಿಯಾಗೇ ಇದೆ, ಇಬ್ಬರೂ ಕಿರುಚಬೇಡಿ," ಎಂದಳು ಅತ್ತೆ. ಆಕೆಯ ಕಣ್ಣು ಆಗಲೇ ಮೇಜಿನ ತುದಿಗೆ ಹೋಗಿತ್ತು. ಅಲ್ಲಿ ಒಂದು ಜೊತೆ ನೀಲಿ ಬೂಟು ಇತ್ತು. ಮಕ್ಕಳದು. "ಇದು ಯಾರದು?"

"ಗುಬ್ಬೀದು," ಎಂದ ವ್ಯಾನಣ್ಣ. ದನಿ ಕೊಂಚ ಇಳಿಯಿತು. "ಹಿಂಬಾಗಿಲಿಂದ ಓಡುವಾಗ ಬೂಟು ಮುಂಬಾಗಿಲಲ್ಲೇ ಉಳೀತು. ಮೊದಲ್ನೇ ಮನೇಲೂ ಹಂಗೇ ಆಯ್ತು. ಬೆಳಿಗ್ಗೆ ಬರಿಗಾಲಲ್ಲೇ ವ್ಯಾನ್ ಹತ್ತಿತು ಮಗು. ಆಮೇಲೆ ಆ ಮನೆ ನೋಡ್ಕೊಳ್ಳೋಳು ಇದನ್ನ ಇಲ್ಲಿಗೆ ತಂದುಕೊಟ್ಲು."

ಅತ್ತೆ ಬೂಟುಗಳನ್ನು ಕೈಗೆತ್ತಿಕೊಂಡು ತಳಕ್ಕೆ ತಳ ಸೇರಿಸಿದಳು. ಎಡಗಾಲಿನದು ಬಲಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು.

"ಹುಟ್ಟಿನಿಂದ ಹಾಗೆ. ಒಂದು ಪಾದ ಸಣ್ಣದು," ಎಂದರು ದೊಡ್ಡಮ್ಮ, ಇನ್ನೂ ಉರಿಯುತ್ತಲೇ. "ಒಂದೇ ಬಗೆಯದು ಎರಡು ಜೊತೆ ತಂದು, ಇದರದ್ದು ಎಡ ಅದರದ್ದು ಬಲ ಹಾಕಬೇಕು. ಉಳಿದೆರಡು ಬಿಸಾಕಬೇಕು. ಅದಕ್ಕೂ ಈ ವಿಷಯಕ್ಕೂ ಏನು ಸಂಬಂಧ?"

"ಯಾರು ಕೊಟ್ಟಿದ್ದು ಇದನ್ನ?"

"ಯಾರೋ ಪುಣ್ಯಾತ್ಮರು. ನಮಗೆ ಬೇಕಾದ್ದನ್ನ ಇಂಟರ್ನೆಟ್ಟಲ್ಲಿ ನಮ್ಮ ಪುಟದಲ್ಲಿ ಹಾಕ್ತೀವಿ. ನೋಡಿದೋರು ಹತ್ತಿರದ ಅಂಗಡೀಲಿ ತಂದಿಟ್ಟು ಹೋಗ್ತಾರೆ. ಇವನು ಹೋಗಿ ಎತ್ಕೊಂಡು ಮನೆಗೆ ಮುಟ್ಟಿಸ್ತಾನೆ."

"ಎರಡನೇ ಮನೆಗೆ ಬೇಕರಿಯಿಂದ ತಂದೆ," ಎಂದ ವ್ಯಾನಣ್ಣ. "ಮೊದಲ್ನೇ ಮನೆಗೆ ಪಾತ್ರೆ ಅಂಗಡಿಯಿಂದ. ಎರಡೂ ಸಲ ಹೊಚ್ಚ ಹೊಸದು."

"ಅಳತೆ ಯಾರು ಹೇಳಿದ್ದು?"

ಇಬ್ಬರೂ ಆಕೆಯ ಮುಖ ನೋಡಿದರು.

"ಅಳತೆಗೆ ಕಚೇರಿಗೆ ಫೋನ್ ಮಾಡಿ ಅಂತ ಹಾಕಿದ್ವಿ," ಎಂದರು ದೊಡ್ಡಮ್ಮ.

"ಮಾಡಿದ್ರಾ?"

"...ಇಲ್ಲ. ಯಾರೂ ಮಾಡ್ಲಿಲ್ಲ."

"ಹಾಕಿ ನೋಡಿದಾಗ ಹೇಗಿತ್ತು, ವ್ಯಾನಣ್ಣ?"

"ಕಾಲಿಗೇ ಹೊಲಿದಂಗೆ ಕೂತವು ಅತ್ತೆ. ಎಡದ್ದೂ, ಬಲದ್ದೂ..."

ವ್ಯಾನಣ್ಣ ಅತ್ತೆಯ ಕೈಯಲ್ಲಿದ್ದ ಬೂಟಿನತ್ತ ಬಗ್ಗಿ ನೋಡಿದ.

"ಆ ಪುಣ್ಯಾತ್ಮ ಯಾರು ಅಂತ ಈಗಲಾದ್ರೂ ಹೊಳೀತಾ?" ಅತ್ತೆ ಬೂಟನ್ನು ಮೇಜಿನ ಮೇಲೆ ಕುಕ್ಕಿದಳು. "ಆ ಎರಡು ಪಾದದ ಅಳತೆ ಕೇಳದೇ ಗೊತ್ತಿರೋರು ಲೋಕದಲ್ಲಿ ಎಷ್ಟು ಜನ ಇದಾರೆ? ಅವಳ ಅಪ್ಪ! ಬೂಟು ಕೊಂಡು, ಅಂಗಡೀಲಿ ಇಟ್ಟು, ಎದುರುಗಡೆ ನಿಂತು ಕಾದಿದಾನೆ. ನೀನು ಬಂದು ಎತ್ಕೊಂಡೆ. ನಿನ್ನ ವ್ಯಾನಿನ ಬಾಲ ಹಿಡ್ಕೊಂಡು ಮನೆವರೆಗೂ ಬಂದಿದಾನೆ."

ವ್ಯಾನಣ್ಣ ಮೆಲ್ಲಗೆ ಕುರ್ಚಿಯ ಮೇಲೆ ಕುಸಿದ. ಅದು ದೊಡ್ಡಮ್ಮನ ಕುರ್ಚಿ ಎಂಬುದೂ ಅವನಿಗೆ ತಿಳಿಯಲಿಲ್ಲ. "ನನ್ನ ಕೈಯಿಂದಲೇ ಹಾಕಿದ್ನಲ್ಲ ಅತ್ತೆ ಅವಳ ಕಾಲಿಗೆ..."

"ಆದ್ರೆ ಅವನಿಗೆ ಯಾವ ಅಂಗಡಿ ಅಂತ ಹೇಗೆ ಗೊತ್ತಾಯ್ತು? ಊರಲ್ಲಿ ನಮಗೆ ಸಾಮಾನು ಇಟ್ಕೊಳ್ಳೋ ಅಂಗಡಿ ಬೇಕಾದಷ್ಟಿವೆ," ಎಂದರು ದೊಡ್ಡಮ್ಮ.

ಅತ್ತೆ ಮೂಲೆಯತ್ತ ತಿರುಗಿದಳು. ಅಲ್ಲಿ ಕಂಪ್ಯೂಟರಿನ ಹಿಂದೆ, ಇಷ್ಟು ಹೊತ್ತೂ ಉಸಿರು ಬಿಡದೆ ಕೂತವಳು ಚುರುಕಿ. ಹೆಸರಿಟ್ಟ ಆ ಅಣ್ಣನ ಮಗಳು ಇವಳೇ. ಸಂಘದ ಪುಟ ಕಟ್ಟಿದವಳೂ ಇವಳೇ.

"ಅತ್ತೆ, ನನ್ನಾಣೆ, ಪುಟದಲ್ಲಿ ಯಾವ ಮನೆಯ ವಿಳಾಸಾನೂ ಇಲ್ಲ. ಯಾರೂ ಬರೆದಿಲ್ಲ."

"ತೋರಿಸು."

ಪರದೆಯ ಮೇಲೆ ಬರೀ ಅಕ್ಷರ ಮೂಡಿತು. ಬಣ್ಣವಿಲ್ಲ, ಚಿತ್ರವಿಲ್ಲ, ಅಂಗಡಿ ಚೀಟಿಯಷ್ಟೇ ಸಾದಾ. ಪ್ರತಿ ಮನೆಯನ್ನು ನೋಡಿಕೊಳ್ಳುವವಳು ತನ್ನ ಫೋನಿನಲ್ಲೇ ಹೀಗೆ ಟಿಪ್ಪಣಿ ಬರೆಯುತ್ತಾಳೆ ಎಂದಳು ಚುರುಕಿ. ಯಾರಿಗೆ ಜ್ವರ, ಯಾವ ನಲ್ಲಿ ಸೋರುತ್ತಿದೆ, ಏನು ಬೇಕು, ಎಲ್ಲವೂ ಅದರಲ್ಲೇ. ಅದು ಒಳಗಿನವರಿಗೆ ಮಾತ್ರ.

"ಇದೇ ಹೊರಗಿನೋರಿಗೆ ಕಾಣುತ್ತಾ?"

"ಛೆ, ಇಲ್ಲ! ಹೊರಗಿನ ಪುಟ ಬೇರೆ. ಅದರಲ್ಲಿ ಬೇಡಿಕೆಗಳ ಜಾಗದಲ್ಲಿ ನಾನೇನೂ ಬರೆದಿಲ್ಲ, ಒಂದು ಸೂಚನೆ ಮಾತ್ರ ಇಟ್ಟಿದೀನಿ. ದಿನಾ ಸಂಜೆ 'ಪ್ರಕಟಿಸು' ಗುಂಡಿ ಒತ್ತುತೀನಿ. ಒತ್ತಿದ ಕೂಡಲೇ ಅದು ಅಷ್ಟೂ ಮನೆಗಳ ಟಿಪ್ಪಣಿ ಓದುತ್ತೆ. 'ಬೇಕು' ಅಂತ ಶುರುವಾಗೋ ಸಾಲು ಎಲ್ಲೆಲ್ಲಿದೆಯೋ ಅಷ್ಟನ್ನೇ ಹೆಕ್ಕಿ ತಂದು ಪುಟ ಕಟ್ಟುತ್ತೆ. ಪ್ರತಿ ಸಲ ಹೊಸದಾಗಿ. ಹಲಗೆ ಒರೆಸಿ ಮತ್ತೆ ಬರೆದ ಹಾಗೆ. ಸಾಮಾನು ಬಂದ್ಮೇಲೆ ಆ ಸಾಲು ಹೋಗುತ್ತೆ, ಇದು ಎರಡನೇ ಮನೆಯೋರು ಬೂಟು ಕೇಳಿದ ದಿನದ ಹೊರಗಿನ ಪುಟ."

"ಸರಿ. ಈ ಅಂಗಡಿ ಹೆಸರು ಯಾರು ಬರೆದ್ರು? 'ಬೇಕು: ಒಂದೇ ಬಗೆಯ ಬೂಟು ಎರಡು ಜೊತೆ, ಬೇರೆ ಬೇರೆ ಅಳತೆ' ಅಂತಿದೆ. ಪಕ್ಕದಲ್ಲೇ 'ಬೇಕರಿಯಲ್ಲಿ ಕೊಡಿ' ಅಂತ ಇದೆ."

"ಅದೂ ಯಾರೂ ಬರೆದಿಲ್ಲ. ಅದೇ ಹುಡುಕ್ಕೊಳ್ಳುತ್ತೆ."

"ಎಲ್ಲಿಂದ ಹುಡುಕ್ಕೊಳ್ಳುತ್ತೆ?"

ಚುರುಕಿಯ ಮಾತು ಈಗ ಸರಾಗವಾಗಿ ಹೊರಡಲಿಲ್ಲ. "ಟಿಪ್ಪಣಿಯ ಮೊದಲ ಸಾಲಲ್ಲಿ ಮನೆ ವಿಳಾಸ ಇರುತ್ತೆ, ವ್ಯಾನಣ್ಣನಿಗೆ ಅಂತ. ಅದನ್ನ ಹೊರಗೆ ತೋರಿಸಲ್ಲ ಅತ್ತೆ. ಅದನ್ನ ಓದಿ, ಆ ಮನೆಗೆ... ತೀರಾ ಹತ್ತಿರದ ಅಂಗಡಿ ಯಾವುದು ಅಂತ..."



ಅತ್ತೆಗೆ ಪಿತ್ತ ನೆತ್ತಿಗೇರಿತು. ಕಳ್ಳನಿಲ್ಲ, ಲಂಚವಿಲ್ಲ, ಬಾಯಿಬಡುಕನಿಲ್ಲ. ಒಬ್ಬಳು ಮಗುವಿಗೆ ಬೂಟು ಬೇಕೆಂದು ಬರೆದಳು, ಇನ್ನೊಬ್ಬಳು ದಾರಿ ಹತ್ತಿರವಾಗಲಿ ಎಂದು ಸೂಚನೆ ಇಟ್ಟಳು. ಎರಡೂ ಒಳ್ಳೆಯ ಕೆಲಸ. ಅವೆರಡನ್ನೂ ಪಕ್ಕಪಕ್ಕ ಕೂರಿಸಿ ಗುಂಡಿ ಆ ಹೊಡೆಯುವವನಿಗೆ ದಾರಿ ತೋರಿಸಿತ್ತು.

"ಇದನ್ನ ಇಡು ಅಂತ ಯಾರು ಹೇಳಿದ್ದು?"

ದೊಡ್ಡಮ್ಮ ಕತ್ತೆತ್ತಿದರು.

"ನಾನು. ಮೊದಲು ಎಲ್ಲಾ ಕಚೇರಿಗೇ ಬರ್ತಿತ್ತು. ಹಸುಗೂಸಿನ ಹಾಲು ಇಲ್ಲೇ ಒಡೆದುಹೋಗ್ತಿತ್ತು. ಮನೆ ಹತ್ತಿರ ಕೊಟ್ರೆ ಬೇಗ ಮುಟ್ಟುತ್ತೆ ಅಂದೆ. ತಪ್ಪಾ?"

"ಬೀಗ ಹಾಕಿ ಕೂರಿಸಿದ್ದು ಇವನನ್ನ! ಬೆರಳಿಟ್ಟು ದಾರಿ ತೋರಿಸಿದ್ದು ನಿಮ್ಮ ಪುಟ!"

"ಒಬ್ಬ ಅಪ್ಪ ದಿನಾ ಕೂತು ನಮ್ಮ ಪುಟ ನೋಡ್ತಾನೆ ಅಂತ ಯಾರು ಅಂದ್ಕೋತಾರೆ?"

"ಬಾಗಿಲು ಒಡೆಯೋನು ಪುಟ ನೋಡಲ್ವಾ? ಅಡಗಿಸಿಡೋರು ಅಲ್ವೇನ್ರೀ ನೀವು? ಅವನ ಕಣ್ಣಿಂದ ಒಂದೇ ಒಂದು ಸಲ ಓದಿ ನೋಡೋಕೆ ಏನಾಗಿತ್ತು ನಿಮಗೆ?"

"ನನಗೆ ಪಾಠ ಹೇಳಬೇಡಿ! ನೀವು ಸುಟ್ಟ ಅಂಗಡಿ ನೋಡಿ ಸಂಬಳ ಎಣಿಸ್ತಿದ್ದಾಗ ನಾನು ಇಂಥ ಹೆಂಗಸರ ಗಾಯ ತೊಳೀತಿದ್ದೆ!"

"ತೊಳೆದ್ರಿ. ಮತ್ತೆ ಅದೇ ಕೈಲಿ ಹೊಡೆಯೋನನ್ನ ಕರೆದ್ರಿ."

ಆ ಮಾತು ಬೇಕಿರಲಿಲ್ಲ. ಹೇಳಿದ ಮೇಲೆ ಅತ್ತೆಗೂ ಗೊತ್ತಾಯಿತು. ದೊಡ್ಡಮ್ಮ ಅಳುವ ಪೈಕಿಯಲ್ಲ. ಹೋಗಿ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ, ವ್ಯಾನಣ್ಣನ ಮುಂದೆ ತಂದಿಟ್ಟರು. ಅವನು ಆ ನೀರನ್ನು ಮುಟ್ಟಲಿಲ್ಲ.

"ನಾನು ಆ ಸೂಚನೆ ಈಗಲೇ ಅಳಿಸ್ತೀನಿ," ಎಂದು ಚುರುಕಿ ಕೀಲಿಮಣೆಗೆ ಕೈ ಹಾಕಿದಳು.

"ಕೈ ತೆಗಿ!" ಅತ್ತೆ ಗದರಿದ ರಭಸಕ್ಕೆ ಹುಡುಗಿ ಬೆಚ್ಚಿದಳು. "ಅಳಿಸಿದ್ರೆ ಅವನು ಬಿಲ ಸೇರ್ಕೋತಾನೆ. ಆಮೇಲೆ ಆ ಹೆಂಗಸು ಜನ್ಮವೆಲ್ಲ ಕಿಟಕಿ ಮುಚ್ಕೊಂಡು ಕೂರಬೇಕಾ? ಅವನು ಬೂಟಿಗೆ ಬರ್ತಾನೆ. ಬರಲಿ. ಎಲ್ಲಿಗೆ ಬರಬೇಕು ಅಂತ ನಾನು ಹೇಳ್ತೀನಿ. ಹೊಸ ಟಿಪ್ಪಣಿ ಒಂದು ಮಾಡು."

"ಯಾವ ಮನೆದು?"

"ಇಲ್ಲದ ಮನೆದು. ಊರಾಚೆ, ಗೋದಾಮುಗಳ ಹಿಂದೆ ಯಾವುದಾದ್ರೂ ವಿಳಾಸ ಹಾಕು. ಅಲ್ಲಿಗೆ ಹತ್ತಿರ ಯಾವ ಅಂಗಡಿ ಇದೆ?"

"ಹೊಲಿಗೆಯವರದ್ದು."

"ನನಗೆ ಗುರುತಿರೋನೇ. ಬರಿ. ಬೇಕು, ಅದೇ ಬೂಟು, ಅದೇ ಮಾತು."

ಚುರುಕಿ ಬರೆದಳು. ಬರೆದು ಮುಗಿಸಿ, ಕೆಳಗಿನ ತುಟಿ ಕಚ್ಚಿಕೊಂಡು, ಟಿಪ್ಪಣಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಲು ಶುರು ಮಾಡಿದಳು.

"ಏನು ಮೀನಮೇಷ ಎಣಿಸ್ತಾ ಕೂತಿದೀಯ?" ಅತ್ತೆ ಅವಳ ಕೈಯನ್ನು ಆಚೆ ತಳ್ಳಿ ತಾನೇ ಬಗ್ಗಿ 'ಪ್ರಕಟಿಸು' ಗುಂಡಿ ಒತ್ತಿದಳು.

ಪರದೆ ಒಮ್ಮೆ ಬೆಳ್ಳಗಾಗಿ ಮತ್ತೆ ತುಂಬಿತು. ಪುಟದ ತುತ್ತತುದಿಯಲ್ಲೇ ಆಕೆಯ ಸುಳ್ಳು ಬಂದು ಕೂತಿತ್ತು. ಬೂಟು, ಎರಡು ಜೊತೆ, ಹೊಲಿಗೆ ಅಂಗಡಿಯಲ್ಲಿ ಕೊಡಿ.

"ಸಾಕು. ವ್ಯಾನಣ್ಣ, ಏಳು. ಠಾಣೆಯಿಂದ ಮಫ್ತಿಯಲ್ಲಿ ಇಬ್ಬರನ್ನ ಕರ್ಕೊಂಡು ಹೋಗೋಣ."

ಹೊಲಿಗೆ ಅಂಗಡಿ ಎರಡು ಗೋದಾಮುಗಳ ನಡುವೆ ಹಲ್ಲಿನ ಸಂದಿಯಂತೆ ಸಿಕ್ಕಿಕೊಂಡಿತ್ತು. ಒಳಗೆ ಒಂದು ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ನೇತುಬಿದ್ದ ಅರ್ಧ ಅಂಗಿಗಳು. ಅತ್ತೆ ಇಸ್ತ್ರಿ ಮೇಜಿನ ಹಿಂದೆ ಕೂತಳು. ವ್ಯಾನಣ್ಣ ಹಿತ್ತಿಲ ಬಾಗಿಲಲ್ಲಿ. ಪೊಲೀಸರಿಬ್ಬರು ಎದುರಿನ ಗೋದಾಮಿನ ಕಟ್ಟೆಯ ಮೇಲೆ ಕೂಲಿಗಳಂತೆ ಕೂತಿದ್ದರು.

"ಅತ್ತೆ, ಬಾಗಿಲನ್ನ ಹಂಗೆ ದುರುಗುಟ್ಟಿ ನೋಡಬೇಡಿ. ಇರೋ ಒಬ್ಬಿಬ್ಬರು ಗಿರಾಕೀನೂ ಓಡಿಹೋಗ್ತಾರೆ," ಎಂದ ಹೊಲಿಗೆಯವನು.

"ನೀನು ಕೊಟ್ಟ ದಿನಕ್ಕೆ ಹೊಲಿದುಕೊಟ್ರೆ ಯಾರೂ ಓಡಲ್ಲ. ಕಾಲು ಆಡಿಸು, ಯಂತ್ರ ನಿಲ್ಲಿಸಬೇಡ."

ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಒಬ್ಬ ಗುಂಡಿ ಹೊಲಿಸಿಕೊಂಡು ಹೋದ. ಒಬ್ಬಳು ಲಂಗ ಸಡಿಲ ಮಾಡಿಸಲು ಬಂದು, ದಪ್ಪಗಾಗಿದ್ದಕ್ಕೆ ಹೊಲಿಗೆಯವನನ್ನೇ ಬೈದು ಹೋದಳು. ಅತ್ತೆಯ ಸಿಟ್ಟು ತಣ್ಣಗಾಗಲಿಲ್ಲ. ಸರಳು ಹಿಡಿದು ಬರುವವನ ಮುಖ ಹೇಗಿರಬಹುದು, ಮೊದಲು ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಹರಿತ ಮಾಡಿಕೊಳ್ಳುತ್ತಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು.

ಬಂದವಳು ಒಬ್ಬಳು ಮುದುಕಿ. ಗೂನು ಬೆನ್ನು, ದಪ್ಪ ಕನ್ನಡಕ. ಎದೆಗೆ ಅವುಚಿಕೊಂಡಿದ್ದದ್ದು ಎರಡು ರಟ್ಟಿನ ಪೆಟ್ಟಿಗೆ.

"ಇಲ್ಲಿ ಬೂಟು ಕೊಡಬೇಕಂತೆ ಅಪ್ಪಾ. ಇದನ್ನ ತಗೊಂಡು ಹೋಗೋರು ಎಷ್ಟೊತ್ತಿಗೆ ಬರ್ತಾರೆ? ನಾನು ಇಲ್ಲೇ ಕೂತು ಕಾಯ್ಲಾ?"

ಅತ್ತೆ ಎದ್ದು ಬಂದು ಪೆಟ್ಟಿಗೆಯ ಮುಚ್ಚಳ ತೆಗೆದಳು. ನೀಲಿ ಬೂಟು. ಎರಡು ಜೊತೆ, ಬೇರೆ ಬೇರೆ ಅಳತೆ.

"ಯಾರಜ್ಜಿ ನೀವು?"

"ನಾನಾ? ಆ ಮಗುವಿನ ಅಜ್ಜಿ ಕಣಮ್ಮ. ಅವಳ ತಾಯಿಯನ್ನ ಹೆತ್ತೋಳು."

ಗಂಡನ ಕಡೆಯವಳಲ್ಲ, ಹೆತ್ತ ತಾಯಿ! ಅತ್ತೆ ಪೆಟ್ಟಿಗೆಯ ಮುಚ್ಚಳ ಮತ್ತೆ ಮುಚ್ಚಿದಳು.

"ನಿಮ್ಮ ಮಗಳ ಕೈ ಮುರಿದದ್ದು ಗೊತ್ತಾ ನಿಮಗೆ?"

"ಮೆಟ್ಟಿಲಿಂದ ಜಾರಿ ಬಿದ್ದಳಂತೆ."

"ಯಾರು ಹೇಳಿದ್ದು?"

"ಅಳಿಯಂದಿರು."

"ಅವನು ಹೇಳಿದ್ದು ನಂಬಿದ್ರಿ! ಮಗಳನ್ನ ಒಂದು ಮಾತು ಕೇಳಿದ್ರಾ?"

"ಎಲ್ಲಿ ಕೇಳ್ಲಮ್ಮ? ಸಿಗೋದೇ ಇಲ್ವಲ್ಲ," ಎಂದಳು ಮುದುಕಿ. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು. "ಕೆಟ್ಟ ಜನ ಅವಳನ್ನ ಹಿಡಿದಿಟ್ಕೊಂಡಿದಾರಂತೆ. ಬೂಟು ಕೊಟ್ಟು, ತಗೊಂಡು ಹೋಗೋರ ಹಿಂದೆ ಆಟೋದಲ್ಲಿ ಹೋಗಿ ಮನೆ ನೋಡಿ ಬಂದ್ರೆ ಮಗೂನ ತೋರಿಸ್ತೀನಿ ಅಂದ್ರು ಅಳಿಯಂದಿರು. ಬೆಳಿಗ್ಗೆಯಿಂದ ಅನ್ನ ಮುಟ್ಟಿಲ್ಲ ನಾನು."

ಅತ್ತೆಯ ಸಿಟ್ಟು ಈಗ ಮುದುಕಿಯನ್ನು ದಾಟಿ ಬೀದಿಗೆ ಹೋಯಿತು. ಆಕೆ ಹೊಸ್ತಿಲಿಗೆ ಬಂದು ಆ ತುದಿಯಿಂದ ಈ ತುದಿಗೆ ನೋಡಿದಳು. ಕಾರಿಲ್ಲ. ಕಟ್ಟೆಯ ಮೇಲಿನ ಪೊಲೀಸರು ಯಾರೂ ಇಲ್ಲವೆಂದು ತಲೆಯಾಡಿಸಿದರು.

"ಎಲ್ಲಿ ಅವನು? ನಿಮ್ಮನ್ನ ಇಳಿಸಿ ಎಲ್ಲಿ ಅಡಗಿದಾನೆ?"

"ಅಡಗೋದ್ಯಾಕೆ? ಅವರು ಇನ್ನೊಂದು ಅಂಗಡಿಗೆ ಹೋದ್ರು."

"ಯಾವ ಇನ್ನೊಂದು ಅಂಗಡಿ?"

"ಆ ಫೋನಿನ ಪುಟದಲ್ಲಿ ಎರಡು ಕಡೆ ಬಂದಿತ್ತಲ್ಲಮ್ಮ, ಒಂದೇ ಥರ. ಯಾವುದು ದಿಟವೋ ಗೊತ್ತಾಗಲ್ಲ, ನೀವು ಇಲ್ಲಿ ಕಾಯಿರಿ, ನಾನು ಔಷಧಿ ಅಂಗಡಿ ಹತ್ತಿರ ಕಾಯ್ತೀನಿ ಅಂದ್ರು. ಅವರೂ ಇಂಥವೇ ಪೆಟ್ಟಿಗೆ ತಗೊಂಡು ಹೋಗಿದಾರೆ."

ಅತ್ತೆ ಫೋನು ತೆಗೆದು ಪುಟ ತೆರೆದಳು. ತುತ್ತತುದಿಯಲ್ಲಿ ಆಕೆಯ ಸುಳ್ಳು. ಅದರ ಕೆಳಗೆ ಹಳೆಯ ಬೇಡಿಕೆಗಳು. ಅವುಗಳ ಕೆಳಗೆ, ಆಕೆ ಕಚೇರಿಯಲ್ಲಿ ಕಣ್ಣೇ ಹಾಯಿಸದ ಜಾಗದಲ್ಲಿ, ಇನ್ನೊಂದು ಸಾಲು.

'ಬೇಕು: ಒಂದೇ ಬಗೆಯ ಬೂಟು ಎರಡು ಜೊತೆ, ಬೇರೆ ಬೇರೆ ಅಳತೆ. ಔಷಧಿ ಅಂಗಡಿಯಲ್ಲಿ ಕೊಡಿ.'

ಮೂರನೆಯ ಮನೆಯನ್ನು ನೋಡಿಕೊಳ್ಳುವ ನರ್ಸಮ್ಮ, ಬರಿಗಾಲಲ್ಲಿ ಬಂದ ಮಗುವನ್ನು ಕಂಡು, ಬೆಳಿಗ್ಗೆಯೇ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಳು. ಸಂಜೆಯವರೆಗೆ ಅದು ಒಳಗೇ ಇರುತ್ತಿತ್ತು. ಅಷ್ಟರಲ್ಲಿ ಸೂಚನೆ ಅಳಿಸಿದ್ದರೆ ಎಂದೂ ಅಂಗಡಿಯ ಹೆಸರು ಹೊತ್ತು ಹೊರಗೆ ಬರುತ್ತಿರಲಿಲ್ಲ. ಅತ್ತೆ ಗುಂಡಿ ಒತ್ತಿದ್ದು ತನ್ನ ಒಂದು ಸುಳ್ಳಿಗಾಗಿ. ಅದು ಓದಿದ್ದು ಅಷ್ಟೂ ಮನೆಗಳನ್ನು.

"ವ್ಯಾನಣ್ಣ!" ಆಕೆ ಕಿರುಚಿದಳು. "ಗಾಡಿ ತೆಗಿ! ಆ ಔಷಧಿ ಅಂಗಡಿಗೂ ಮೂರನೇ ಮನೆಗೂ ಎಷ್ಟು ದೂರ?"

"ದೂರ ಎಲ್ಲಿ ಬಂತು ಅತ್ತೆ? ಕೆಳಗೆ ಅಂಗಡಿ, ಅದರ ಮೇಲೇ ಮನೆ. ಯಾಕೆ?"

ಅತ್ತೆ ಆಗಲೇ ನರ್ಸಮ್ಮನ ನಂಬರು ಒತ್ತಿದ್ದಳು. ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಕೊನೆಗೆ ಎತ್ತಿದ ಸದ್ದು.

"ನರ್ಸಮ್ಮ, ಬಾಗಿಲು ಹಾಕಿ. ಯಾರನ್ನೂ ಕೆಳಗೆ ಬಿಡಬೇಡಿ. ಗುಬ್ಬಿ ಎಲ್ಲಿ?"

"ಅಯ್ಯೋ, ಅವಳು ನಿಲ್ತಾಳಾ ಅತ್ತೆ?" ಆ ಕಡೆಯಿಂದ ನಗುವ ದನಿ ಬಂತು. "ಬಂದ್ರೆ ಕೂಗಿ ಅಂತ ಹೇಳಿಟ್ಟಿದ್ದೆ, ನೀಲಿ ಬೂಟು ಬಂದಿದೆ ಅಂತ ಕೆಳಗಿನ ಅಂಗಡಿಯೋರು ಈಗ ತಾನೇ ಕೂಗಿದ್ರು. ಬರಿಗಾಲಲ್ಲೇ ಓಡಿಹೋದಳು."